ಚಕ್ರವರ್ತಿಯ ಬರಿಗೈ

ಬುಡ್ಡೇಸಾಬರು ಹೇಳಿಕಳಿಸಿದ್ದಕ್ಕೆ ಬೆಟಗೇರಿಯ ಅವರ ಮಗ್ಗದ ಮನೆಗೆ ನಾನೂ ಜನ್ನತಬಿಯೂ ಹೋದಾಗ, ಚಕ್ರವರ್ತಿಯ ಅಂಗೈ ಬರಿದಾಗಿತ್ತು. ಚರ್ಚಿನ ಪರದೆಗೆಂದು ಅಲ್ಲಿನ ನೇಕಾರ್ತಿ ನಿಶಾತ ಮೂರು ತಿಂಗಳು ನೇಯ್ದ ಚಿತ್ರವದು. ರೋಮಿನ ಜಸ್ಟಿನಿಯನ್ ಚಕ್ರವರ್ತಿ ತಾನು ಕಟ್ಟಿಸಿದ ಚರ್ಚನ್ನು ಅಂಗೈಯಲ್ಲಿ ಹಿಡಿದು ಮಾತೆ ಮರಿಯಳಿಗೆ ಒಪ್ಪಿಸುತ್ತಾನೆ. ಆ ಪುಟ್ಟ ಚರ್ಚನ್ನು ಅವಳು ಬಿಳಿ ರೇಷ್ಮೆಯಲ್ಲಿ ನಮ್ಮೂರ ಚರ್ಚಿನಂತೆಯೇ ನೇಯ್ದಿದ್ದಳು. ಈಗ ಅದೊಂದೇ ಮಾಯ. ಕಿಟಕಿಯ ಬಿಸಿಲಲ್ಲಿ ರೇಷ್ಮೆಯ ಧೂಳು ತೇಲುತ್ತಿತ್ತು. ಯಾರದೋ ಕನಸಿನೊಳಗೆ ಚಪ್ಪಲಿ ಹಾಕಿಕೊಂಡು ಬಂದೆನೇನೋ ಎಂದು ನನಗೆ ಸಂಕೋಚವಾಯಿತು.

"ಶುಕ್ರವಾರದ ನಮಾಜಿಗೆ ಹೋಗಿದ್ದೆ," ಎಂದರು ಬುಡ್ಡೇಸಾಬರು. "ಇಲ್ಲಿದ್ದವ್ರು ನಿಶಾತ, ನೂಲು ಸುತ್ತೂ ಫಕ್ಕೀರವ್ವ, ಇಬ್ಬರ. ಮುದುಕಿಗೆ ನೇಯಾಕ ಬರೂದಿಲ್ಲ. ನಿಶಾತ ನಾಳಿಂದ ಮಗ್ಗ ಬಿಡ್ಲಿ."

"ಊಟಕ್ಕ ಮನಿಗೆ ಹೋಗಿದ್ನಿರಿ," ಎಂದಷ್ಟೇ ಹೇಳಿದಳು ನಿಶಾತ. ನನಗೆ ಸಿಟ್ಟೇ ಬಂತು. ಅನ್ನ ಹೋಗುವಾಗಲೂ ಸುಮ್ಮನಿರುವುದೇ?

ನಮ್ಮ ಓಣಿಯ ಜನ್ನತಬಿ ಹೊಲಿಗೆ ಬಿಟ್ಟರೆ ಇಂಥ ಕಳವು ಹಿಡಿಯುವುದರಲ್ಲೇ ಆಯುಷ್ಯ ಕಳೆದವಳು. ಪರದೆಯ ಹಿಂಬದಿ ಸವರಿದಳು. "ಕತ್ತರಿ ಮುಟ್ಟಿಲ್ಲ ವನಿತಾ. ಎಳಿ ಎಳಿಯಾಗಿ ಬಿಡಿಸ್ಯಾರ." ಲಾಳಿಗೆ ಹಾಕುವ ನೂಲಿನ ಕಂಡಿಕೆಗಳ ಬುಟ್ಟಿ ಕೆದಕಿ, ಸುಕ್ಕುಸುಕ್ಕಾದ ಬಿಳಿ ರೇಷ್ಮೆಯದೊಂದನ್ನು ತೆಗೆದಳು. ಅಷ್ಟರಲ್ಲಿ ಫಕ್ಕೀರವ್ವ ಚಾ ತಂದು ಎಡಗೈಯಲ್ಲೇ ಕೊಟ್ಟಳು. ನಾನು ಮುಖ ಗಂಟಿಕ್ಕಿದೆ, ಜನ್ನತಬಿ ನಕ್ಕಳು.

ಎಲ್ಲರನ್ನೂ ಮಗ್ಗದ ಸುತ್ತ ಕೂರಿಸಿದಳು.

"ಕದ್ದವ್ರು ರೇಷ್ಮಿ ಒಗೀಬೇಕಿತ್ತು. ಒಗದಿಲ್ಲ, ಸುತ್ತಿಟ್ಟಾರ. ಜೀವಮಾನ ನೂಲು ಸುತ್ತಿದ ಕೈಗೆ ಒಂದೆಳಿ ಚೆಲ್ಲಾಕ ಆಗೂದಿಲ್ಲ. ಬುಟ್ಟ್ಯಾಗ ಎರಡು ನಮೂನಿ ಕಂಡಿಕಿ ಅವ. ನಿಶಾತ ಸುತ್ತಿದ್ದು ಬಲಕ್ಕ, ಎಡಚಿ ಸುತ್ತಿದ್ದು ಎಡಕ್ಕ. ಈ ರೇಷ್ಮಿ ನೇಯ್ದು ಬಿಡಿಸಿದ್ದಕ್ಕ ಸುಕ್ಕಾಗೈತಿ, ಸುತ್ತಿದ್ದು ಎಡಕ್ಕೈತಿ. ಫಕ್ಕೀರವ್ವಗ ನೇಯಾಕ ಬರೂದಿಲ್ಲ, ಖರೆ. ಬಿಡಿಸಾಕ ಬರತೈತಿ."

ಫಕ್ಕೀರವ್ವ ತಲೆ ತಗ್ಗಿಸಲಿಲ್ಲ. "ನಮ್ಮೂರ ಆ ಚರ್ಚ್ ಕಟ್ಟುವಾಗ ನಮ್ಮವ್ವ ಕಲ್ಲು ಹೊತ್ತಾಳ. ಹೊಟ್ಟ್ಯಾಗ ನಾ ಇದ್ದೆ. ಯಾವನೋ ರಾಜ ಅಂಗೈಯಾಗ ಹಿಡಕೊಂಡು ನಂದು ಅಂದ್ರ ಹೆಂಗ? ಇದು ನಿಶಾತಳ ಮ್ಯಾಲೆ ಬರತೈತಿ ಅಂತ ತಿಳೀಲಿಲ್ಲವ್ವಾ. ತಿಳಿದಮ್ಯಾಲೆ ಬಾಯಿ ಬರಲಿಲ್ಲ."

ಅದು ಬೇರೆ ದೇಶದ ಚರ್ಚು ಎಂದು ತಿದ್ದಲು ನನಗೆ ಮನಸ್ಸಾಗಲಿಲ್ಲ.

"ನಿಶಾತ, ದಿನಾ ಈ ಕಂಡಿಕಿ ಲಾಳಿಗೆ ಹಾಕಾಕಿ ನೀನ," ಎಂದಳು ಜನ್ನತಬಿ. "ನೋಡಿದ ಕೂಡ್ಲೆ ನಿನಗ ತಿಳದಿತ್ತು. ಯಾಕ ಹೇಳಲಿಲ್ಲ?"

"ನನಗ ಇನ್ನೊಂದು ಮಗ್ಗ ಸಿಗತೈತ್ರಿ. ಈ ವಯಸ್ಸಿನ್ಯಾಗ ಅಕಿಗೆ ಯಾರು ಕೆಲಸ ಕೊಡ್ತಾರ?"

ಬುಡ್ಡೇಸಾಬರು ಎದ್ದು, ಮೂಲೆಯಲ್ಲಿದ್ದ ನೂಲು ಸುತ್ತುವ ರಾಟಿಯನ್ನು ತಾವೇ ಎತ್ತಿ ತಂದು ಫಕ್ಕೀರವ್ವನ ಎಡಕ್ಕೆ ಇಟ್ಟರು.