ಏಳನೇ ಗುಂಡಿಯ ಹೂಳು

ಧಡ್! ಮುಚ್ಚಳ ಬಿತ್ತು. ಬೆಳಕು ಹೋಯಿತು.

ಆಮೇಲೆ ಜೀಪಿನ ಸದ್ದು. ಚಕ್ರವೊಂದು ಮುಚ್ಚಳದ ಮೇಲೆ ಹತ್ತಿ ನಿಂತಿತು.

ಹಗಲು ಹನ್ನೊಂದು ಗಂಟೆ. ನಾನು ಏಳನೇ ಮ್ಯಾನ್‌ಹೋಲಿನೊಳಗೆ, ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲ ಮೇಲೆ. ವಯಸ್ಸು ಐವತ್ತೊಂದು. ಕೆಲಸ, ಒಳಚರಂಡಿ ತಪಾಸಣೆ. ಮಂಡಿ ಎರಡೂ ರಿಪೇರಿಗೆ ಬಂದಿವೆ. ಮೇಲೆ ಹಗ್ಗ ಹಿಡಿಯಬೇಕಾದ ಆಳು ಗುತ್ತಿಗೆದಾರನ ಕಡೆಯವನು. ಹಗ್ಗ ಈಗ ನನ್ನ ಕಾಲ ಬಳಿ ಬಿದ್ದಿತ್ತು.

ಮುಚ್ಚಳದ ತೂತಿನಿಂದ ದನಿ ಇಳಿಯಿತು.

“ಮೇಡಂ, ಆರಾಮಾ?”

ಗುತ್ತಿಗೆದಾರ. ಈ ಕೊಳವೆಯ ಹೂಳೆತ್ತುವ ಗುತ್ತಿಗೆ ಅವನದು. ಎತ್ತಿದ್ದೇನೆ ಎಂದು ವರದಿ ಕೊಟ್ಟಿದ್ದ. ನನ್ನ ಸಹಿ ಬೀಳಬೇಕಿತ್ತು, ಅಷ್ಟೆ.

“ಜೀಪು ತೆಗೀರಿ.”

“ಸಹಿ ಹಾಕ್ತೀನಿ ಅನ್ನಿ. ತಕ್ಷಣ ತೆಗೀತೀನಿ.”

“ನಾಲ್ಕಡಿ ಪೈಪಲ್ಲಿ ಮೂರಡಿ ಹೂಳಿದೆ ರೀ! ಏನಂತ ಹಾಕಲಿ?”

“ಒಂದಡಿ ಖಾಲಿ ಇದೆಯಲ್ಲ... ಅದಕ್ಕೆ ಹಾಕಿ.”

ಹೂಳು ಅಂದರೆ ಬರೀ ಮಣ್ಣಲ್ಲ, ನಿಮಗೆ ಗೊತ್ತಿರಲಿ. ಮರಳು, ಜಿಡ್ಡು, ಊರು ಬಚ್ಚಲಿಗೆ ಬಿಟ್ಟು ಮರೆತದ್ದೆಲ್ಲ. ಬೇಸಿಗೆಯಿಡೀ ತಳದಲ್ಲಿ ಕೂತು ಕೊಳೆಯುತ್ತದೆ. ಜೋರು ಮಳೆಯ ಮೊದಲ ಗಂಟೆಯಲ್ಲಿ ಎದ್ದು ಹೊರಡುತ್ತದೆ. ಕೊಳವೆಯಲ್ಲಿ ಜಾಗವಿಲ್ಲದೆ ಕೆರೆ ಬದಿಯ ಒಡ್ಡು ಹಾರಿ ಕೆರೆಗೆ. ಕೆರೆಯಿಂದ ನಲ್ಲಿಗೆ.

ಕಳೆದ ವರ್ಷ ಕೆರೆ ಕಪ್ಪಾಯಿತು. ಮೀನು ಸತ್ತು ತೇಲಿದವು. ಎರಡು ಬೀದಿಯ ಮಕ್ಕಳು ಆಸ್ಪತ್ರೆ ಸೇರಿದರು. ಶಿಕ್ಷೆ ಯಾರಿಗೆ? ಪಂಪ್‌ಹೌಸಿನ ಆಪರೇಟರಿಗೆ. ನೀರು ನೋಡಿಕೊಳ್ಳಲಿಲ್ಲವಂತೆ.

ಅವಳು ನನ್ನ ತಂಗಿ. ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದು ಬರೆದುಕೊಟ್ಟಿದ್ದರು. ಗಂಡ ಬಿಟ್ಟುಹೋದ ಮೇಲೆ ಅವಳದು ಅಂತ ಉಳಿದದ್ದು ಆ ಕೆಲಸ ಒಂದೇ.

ನಾಳೆ ಮಳೆ ಎಂದಿದ್ದರು. ನಾನು ಸಹಿ ಹಾಕಿದರೆ ಹೂಳೆತ್ತುವ ಲಾರಿ ಬರುವುದಿಲ್ಲ. ಹಾಕದಿದ್ದರೆ ನಾನು ಮೇಲೆ ಬರುವುದಿಲ್ಲ.

ಎದೆಯ ಮೇಲಿನ ಗ್ಯಾಸ್ ಮೀಟರು ಒಮ್ಮೆ ಕುಂಯ್ ಎಂದಿತು. ಹೂಳು ಕೆದಕಿದರೆ ವಿಷಗಾಳಿ ಏಳುತ್ತದೆ. ಅಲುಗಾಡದೆ ನಿಂತರೆ ಅದೂ ಸುಮ್ಮನಿರುತ್ತದೆ. ಅಲುಗಾಡದೆ ಇರುವುದು ನನಗೆ ಕಷ್ಟವಲ್ಲ. ಅತ್ತೆಯ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದೆ. ಒಳ್ಳೆಯ ಹೆಸರೂ ಬಂತು!

ಇವತ್ತು ಸಾಕು ಅನ್ನಿಸಿತು.

ಸೊಂಟದ ಚೀಲದಿಂದ ಮುಖವಾಡ ತೆಗೆದು ಹಾಕಿಕೊಂಡೆ. ಅದರ ಡಬ್ಬಿಯಲ್ಲಿ ಹತ್ತು ನಿಮಿಷದ ಗಾಳಿ. ಅಳತೆಕೋಲನ್ನು ಹೂಳಿಗೆ ತಳ್ಳಿದೆ. ಕಲಕಿದೆ... ಗುಳುಗುಳು... ಇನ್ನೂ ಕಲಕಿದೆ!

ಮೀಟರು ಕಿರುಚಿಕೊಂಡಿತು! ಸದ್ದು ತೂತಿನಿಂದ ಬೀದಿಗೆ ಹೋಯಿತು. ಕೊಳೆತ ಮೊಟ್ಟೆಯ ನಾತವೂ ಹಿಂದೆಯೇ ಹೋಗಿರಬೇಕು.

“ಏನ್ರೀ ಅದು ಕೂಗೋದು?” ಎದುರಿನ ಅಂಗಡಿಯ ಟೈಲರಮ್ಮನ ದನಿ.

“ಗ್ಯಾಸು! ಹತ್ರ ಬರಬೇಡಿ, ಒಳಗೆ ಹೋಗಿ!” ಗುತ್ತಿಗೆದಾರ.

“ಮೊನ್ನೆ ತೊಳೆದಾಯ್ತು ಅಂತ ಬೋರ್ಡ್ ಹಾಕಿದ್ರಿ? ತೊಳೆದ ಪೈಪಲ್ಲಿ ಗ್ಯಾಸು ಎಲ್ಲಿಂದ ಬಂತು?”

ನಾನು ಕೋಲಿನಿಂದ ಏಣಿಗೆ ಮೂರು ಸಲ ಬಡಿದೆ. ನಿಲ್ಲಿಸಿ ಮತ್ತೆ ಮೂರು.

“ಅಯ್ಯೋ, ಒಳಗೆ ಯಾರೋ ಇದಾರೆ!”

“ಯಾರೂ ಇಲ್ಲಮ್ಮ, ಹೆಗ್ಗಣ.”

“ಹೆಗ್ಗಣ ಎಣಿಸಿ ಬಡಿಯುತ್ತಾ? ಯಾರಾದ್ರೂ ಹಾರೆ ತನ್ನಿ!”

ಓಡುವ ಕಾಲುಗಳು. ಕೂಗಾಟ. ಏಳು ನಿಮಿಷ... ಎಂಟು...

ಗುತ್ತಿಗೆದಾರ ಹೆದರಿದ. ಹೆದರಿದವನು ಓಡಬೇಕು. ಓಡಲು ಜೀಪು ಬೇಕು. ಜೀಪು ನನ್ನ ಮುಚ್ಚಳದ ಮೇಲಿತ್ತು!

ಚಕ್ರ ಉರುಳಿತು. ಮುಚ್ಚಳದ ಸಂದಿಗೆ ಹಾರೆ ಬಿತ್ತು. ಬೆಳಕು!

ಏಣಿ ಹತ್ತಿದೆ. ಮಂಡಿಗಳು ಮೀಟರಿಗಿಂತ ಜೋರಾಗಿ ಕೂಗಿದವು. ಜೀಪು ಬೀದಿಯ ತುದಿ ಮುಟ್ಟಲಿಲ್ಲ. ಪಂಕ್ಚರ್ ಅಂಗಡಿಯವನು ತನ್ನ ಗಾಡಿ ಅಡ್ಡ ನಿಲ್ಲಿಸಿದ್ದ.

ನನ್ನ ಮೀಟರು ನಿಮಿಷ ನಿಮಿಷದ ಅಂಕಿಯನ್ನೂ ಬರೆದಿಟ್ಟುಕೊಳ್ಳುತ್ತದೆ. ಮುಖ್ಯ ಎಂಜಿನಿಯರ್ ಅದನ್ನು ನೋಡಿದರು. ಹೂಳು ಮೆತ್ತಿದ ನನ್ನ ಬೂಟನ್ನೂ ನೋಡಿದರು. ಅಲ್ಲೇ ನಿಂತು ಲಾರಿಗಳಿಗೆ ಫೋನ್ ಮಾಡಿದರು. ಮರುದಿನ ಮಳೆ ಹಿಡಿಯುವ ಹೊತ್ತಿಗೆ ಹನ್ನೊಂದು ಲೋಡು ಹೂಳು ಹೊರಗಿತ್ತು. ಕೆರೆ ಕೆರೆಯ ಬಣ್ಣದಲ್ಲೇ ಉಳಿಯಿತು.

ಹೇಳಿಕೆ ಕೊಡಲು ಪೊಲೀಸ್ ಠಾಣೆಗೆ ಹೋದೆ. ತಂಗಿಯೂ ಬಂದಳು. ಬೆಂಚಿನ ಮೇಲೆ ಕೂತಿದ್ದ ಗುತ್ತಿಗೆದಾರ ಬಾಯಾರಿಕೆ ಎಂದ. ತಂಗಿ ನಲ್ಲಿ ತಿರುಗಿಸಿ ಲೋಟ ತುಂಬಿಸಿ ಕೊಟ್ಟಳು.

“ಕುಡೀರಿ ಅಣ್ಣಾ, ನಮ್ಮ ಕೆರೆದೇ. ಬೆಳಿಗ್ಗೆ ನಾನೇ ಬಿಟ್ಟಿದ್ದು.”

ಅವನು ಲೋಟವನ್ನು ಬೆಳಕಿಗೆ ಹಿಡಿದ. ಮೂಸಿದ. ತಿರುಗಿಸಿ ತಿರುಗಿಸಿ ತಳ ನೋಡಿದ.

ಐದು ವರ್ಷದ ಗುತ್ತಿಗೆಯಲ್ಲಿ ಆ ಮನುಷ್ಯ ಮಾಡಿದ ಮೊದಲ ತಪಾಸಣೆ ಅದು.