ಗೋಡೆಯ ಮೇಲಿನ ರೈಲು

"ಎಂಟು ಇಟ್ಟಿಗೆ ಕಡಿಮೆ ಬೀಳುತ್ತೆ," ಅಂದರು ಮೇಸ್ತ್ರಿ ಮಾಮ, ಏಣಿಯ ಮೇಲಿಂದಲೇ. "ನಿನ್ನೆ ಎಣಿಸಿದಾಗ ಸರಿಯಾಗಿತ್ತಲ್ಲ, ಕಡ್ಡಿ?"

ಕಡ್ಡಿ ಇನ್ನೊಂದು ಇಟ್ಟಿಗೆ ಎತ್ತಿಕೊಂಡಳು. ತೆಳ್ಳಗಿದ್ದಾಳೆ ಅಂತ ಕ್ಲಾಸಿನವರು ಇಟ್ಟ ಹೆಸರು ಅದು. ಈಗ ಮನೆಯಲ್ಲೂ ಅದೇ. ಅವಳು ತಲೆ ಬಗ್ಗಿಸಿ, ಕೈಯಲ್ಲಿದ್ದ ಇಟ್ಟಿಗೆಯ ಹಳೇ ಗಾರೆಯನ್ನು ಸುತ್ತಿಗೆಯಿಂದ ಜೋರಾಗಿಯೇ ಕುಟ್ಟಿದಳು.

ಎರಡು ತಿಂಗಳ ಹಿಂದೆ, ಅವಳು ಸ್ಕೂಲಿನಲ್ಲಿದ್ದಾಗ ಭೂಮಿ ನಡುಗಿತ್ತು. ಒಂದು ನಿಮಿಷವೂ ಇಲ್ಲ, ಅಷ್ಟೇ. ಓಡಿಬಂದಾಗ ಅಮ್ಮ ಬೀದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಅವಳ ಹಿಂದೆ ಮನೆ ಇರಲಿಲ್ಲ. ಆವತ್ತಿನಿಂದ ಅಮ್ಮ, ಮಗಳು ಟಾರ್ಪಾಲಿನ ಕೆಳಗೆ. ಮಳೆ ಬಂದರೆ ಹಾಸಿಗೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂರಬೇಕು.

ಬಿದ್ದ ಮನೆಯ ಇಟ್ಟಿಗೆಯಿಂದಲೇ ಹೊಸ ಮನೆ ಏಳುತ್ತಿತ್ತು. ಹಳೇ ಗಾರೆ ಕೆತ್ತಿ ಇಟ್ಟಿಗೆ ಜೋಡಿಸಿಡುವುದು ಕಡ್ಡಿಯ ಕೆಲಸ.

ಅಮ್ಮ ಏನೋ ಹುಡುಕುತ್ತಾ ಟ್ರಂಕ್ ಎಳೆದಳು. ಅದರ ಹಿಂದೆ ಬೆಡ್‌ಶೀಟ್ ಹೊದ್ದುಕೊಂಡು ಎಂಟೂ ಇಟ್ಟಿಗೆ ಕೂತಿದ್ದವು.

"ಇದೇನೇ?"

"ನನ್ನ ರೈಲು," ಅಂದಳು ಕಡ್ಡಿ.

ಹಳೇ ಮನೆಯಲ್ಲಿ ಹಾಸಿಗೆ ಪಕ್ಕದ ಗೋಡೆಯ ಮೇಲೆ ಅವಳೇ ಬಿಡಿಸಿದ್ದ ರೈಲು ಅದು. ಬೋಗಿಗೊಂದು ಪ್ರಾಣಿ, ಒಟ್ಟು ಹದಿನಾಲ್ಕು ಬೋಗಿ. ಮೊದಲ ಬೋಗಿಗೆ ಅಮ್ಮ ಬೈದಿದ್ದಳು. ಮೂರನೆಯದಕ್ಕೆ ತಾನೇ ಪೇಂಟ್ ತಂದುಕೊಟ್ಟಿದ್ದಳು.

ಅಮ್ಮ ಮೇಸ್ತ್ರಿ ಮಾಮನ ಮುಖ ನೋಡಿದಳು. ಅವರು ಕೆಳಗಿಳಿದು ಬಂದು ಒಂದು ಇಟ್ಟಿಗೆ ಎತ್ತಿಕೊಂಡರು.

"ಹಾಗೇ ಇಡೋಕಾಗಲ್ವಾ ಮಾಮ? ಚಿತ್ರ ಕಾಣೋ ಹಾಗೆ?"

ಅವರು ಬೆರಳಿನಿಂದ ಬಣ್ಣದ ಮೇಲೆ ತಟ್ಟಿದರು. ಟೊಳ್ಳು ಸದ್ದು ಬಂತು. "ಕೇಳಿಸ್ತಾ? ಗಾರೆ ಆಗಲೇ ಇಟ್ಟಿಗೆನ ಬಿಟ್ಟಿದೆ. ಇವತ್ತಲ್ಲ ನಾಳೆ ಉದುರುತ್ತೆ. ಇವು ಹಾಕೋದು ನಿಮ್ಮ ತಲೆ ಮೇಲಿನ ಸಾಲಿಗೆ, ಕಡ್ಡಿ. ಸುಳ್ಳು ಹೇಳಲಾರೆ."

"ಬೇರೆ ಇಟ್ಟಿಗೆ?"

"ರಸ್ತೆ ಸರಿಯಾಗಿ ಲಾರಿ ಬರಬೇಕು. ನಾನೂ ನಾಳೆಯಿಂದ ಪಕ್ಕದ ಬೀದಿಗೆ. ಅಲ್ಲೂ ಕಾಯ್ತಿದ್ದಾರೆ." ಅವರು ಇಟ್ಟಿಗೆಯನ್ನು ಮೆಲ್ಲಗೆ ಅವಳ ಕೈಗಿಟ್ಟರು. "ನೀನೇ ಯೋಚನೆ ಮಾಡು."

ಅಮ್ಮ ಬಲವಂತ ಮಾಡಲಿಲ್ಲ. ಅದೇ ಕಷ್ಟವಾಗಿದ್ದು.

ಕಡ್ಡಿ ಎಂಟನ್ನೂ ನೆಲದ ಮೇಲೆ ಸಾಲಾಗಿ ಇಟ್ಟಳು. ಆನೆಯ ಒಂದು ಕಿವಿ. ಜಿರಾಫೆಯ ಕುತ್ತಿಗೆ, ತಲೆಯಿಲ್ಲ. ಅರ್ಧ ಚಕ್ರ. ಹಿಂದೆ ಮುಂದೆ ಮಾಡಿದಳು, ತಿರುಗಿಸಿದಳು. ಒಂದಕ್ಕೊಂದು ಕೂಡಲಿಲ್ಲ. ಕಣ್ಣು ಮುಚ್ಚಿದಾಗ ಮಾತ್ರ ಇಡೀ ರೈಲು ಇತ್ತು, ಗಾರ್ಡ್ ಕರಡಿಯ ಟೋಪಿ ಸಮೇತ.

ಹೊರಗೆ ಗಾಳಿಗೆ ಮತ್ತೆ ಒಲೆ ಆರಿತು. ಅಮ್ಮ ಕೆಮ್ಮುತ್ತಾ ಊದತೊಡಗಿದಳು.

ಕಡ್ಡಿ ಸುತ್ತಿಗೆ ತಗೊಂಡಳು. ಮೊದಲ ಏಟು ಬದಿಗೆ ಬಿತ್ತು. ಎರಡನೆಯದಕ್ಕೆ ಆನೆಯ ಕಿವಿ ಹಪ್ಪಳದ ಹಾಗೆ ಎದ್ದು ಬಂತು. ಅಮ್ಮ ಬಂದು ಪಕ್ಕದಲ್ಲಿ ಕೂತು ಇನ್ನೊಂದು ಸುತ್ತಿಗೆ ಎತ್ತಿಕೊಂಡಳು.

"ಜಿರಾಫೆ ನಾನೇ ಮಾಡ್ತೀನಮ್ಮ."

"ಸರಿ. ಚಕ್ರ ನನಗೆ ಕೊಡು."

ಸಂಜೆಯ ಹೊತ್ತಿಗೆ ಎಂಟೂ ಗೋಡೆ ಸೇರಿದವು. ಸ್ವಲ್ಪ ಹೊತ್ತು ಕಡ್ಡಿಗೆ ಅವುಗಳ ಗುರುತು ಸಿಗುತ್ತಿತ್ತು. ಮೇಲೆ ಇನ್ನೊಂದು ಸಾಲು ಬಂದಮೇಲೆ ಯಾವುದು ತನ್ನದು ಅಂತ ತಿಳಿಯಲಿಲ್ಲ. ಹುಡುಕಿದಳು, ಆಮೇಲೆ ಬಿಟ್ಟಳು.

ಮೇಸ್ತ್ರಿ ಮಾಮ ಗಾರೆ ಮೆತ್ತಿದ್ದ ಕರಣೆ ತೊಳೆಯುತ್ತಿದ್ದರು.

"ಮಾಮ, ಈ ಗೋಡೆಗೆ ಗಾರೆ ಮಾಡಿ ಒಣಗೋಕೆ ಎಷ್ಟು ದಿನ ಬೇಕು?"

"ಒಂದು ತಿಂಗಳಾದರೂ ಬೇಕು. ಯಾಕೆ?"

"ಸುಮ್ನೆ ಕೇಳಿದೆ."

ಕಡ್ಡಿ ಗೋಡೆಯ ಒಂದು ತುದಿಗೆ ಹೋಗಿ ನಿಂತಳು. ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ, ಒಂದೊಂದೇ ಹೆಜ್ಜೆ ಇಟ್ಟು, ಹದಿನಾಲ್ಕು ಬೋಗಿಗೆ ಜಾಗ ಸಾಲುತ್ತಾ ಅಂತ ಇನ್ನೊಂದು ತುದಿಯವರೆಗೆ ಅಳೆಯತೊಡಗಿದಳು.