ಹನ್ನೊಂದು ದಿನದ ಎದುರುಗಾಳಿ

"ಟೀಚರ್ರ, ಸೈಕಲ್ ಇಲ್ಲೇ ಬಿಟ್ಟು ಹಿಂದ ಕುಂದರ್ರಿ... ಸಾಲಿ ಮುಟ್ಟಿಸ್ತೀನಿ!"

ಗೋಪಮ್ಮ ಗಕ್ಕನೆ ಬ್ರೇಕ್ ಹಿಡಿದಳು. ಪಕ್ಕದಲ್ಲಿ ಹೊಸ ಮೋಟಾರ್ ಸೈಕಲ್. ಅದರ ಮೇಲೆ ಸುಂಕಪ್ಪ ಮಾಸ್ತರ್! ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ದೀಪದ ಮೇಲೆ ಅರಿಶಿನ ಕುಂಕುಮ.

"ಯಾರದ್ರೀ ಇದು?"

"ಗಬ್ಬೂರಿನವರು ಕಳಿಸ್ಯಾರ..." ಅವನು ಕಣ್ಣು ತಪ್ಪಿಸಿದ.

ಅಷ್ಟು ಸಾಕಾಗಿತ್ತು. ಹೆಣ್ಣಿನ ಮನೆಯವರು ಗಾಡಿ ಕಳಿಸಿ, ಗಂಡಿನ ಮನೆಯಲ್ಲಿ ಅದಕ್ಕೆ ಪೂಜೆಯಾಯಿತೆಂದರೆ ಸಂಬಂಧ ಕುದುರಿದಂತೆಯೇ. 1983ರ ಮಾನ್ವಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ನನಗ ಸೈಕಲ್ಲೇ ಛಲೋರಿ," ಎಂದವಳೇ ಪೆಡಲ್ ತುಳಿದಳು. ಕಣ್ಣು ಮಂಜಾಗಿತ್ತು.

ಎರಡು ವರ್ಷ... ಮಾನ್ವಿಯಿಂದ ಹಿರೇಕೊಟ್ನೆಕಲ್ ಶಾಲೆಗೆ ಇಬ್ಬರೂ ಜೊತೆಯಾಗಿ ಸೈಕಲ್ ತುಳಿದಿದ್ದರು. ಎರೆಮಣ್ಣು ಮೆತ್ತಿಕೊಂಡು ಅವಳ ಗಾಲಿ ನಿಂತರೆ ಅವನೇ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಮದುವೆಯ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡಲೇಬೇಕೇ? ಅಷ್ಟೂ ತಿಳಿಯದ ಈ ಮಾಸ್ತರ್ ಮಕ್ಕಳಿಗೇನು ಪಾಠ ಹೇಳುತ್ತಾನೋ!

ಮರುದಿನ ಬೆಳಿಗ್ಗೆ ಅವಳಿಗೆ ಸೈಕಲ್ ಮುಟ್ಟುವ ಮನಸ್ಸೇ ಇರಲಿಲ್ಲ.

"ಬಸ್ಸಿಗೆ ಹೋಗವ್ವಾ," ಎಂದಳು ತಾಯಿ ಬೂದೆಮ್ಮ.

"ಬ್ಯಾಡ ಯವ್ವಾ. ಸೈಕಲ್ ಬಿಟ್ರ ನಾ ಅತ್ತೀನಂತ ಅವರಿಗೆ ಗೊತ್ತಾಗ್ತದ!"

ಹಟಕ್ಕೆ ಬಿದ್ದು ತುಳಿದಳು. ಮುಂದಿನ ದಿನಗಳಲ್ಲೂ ಅದೇ ಹಟ. ಎದುರುಗಾಳಿಗೆ ಉಸಿರು ಕಟ್ಟುತ್ತಿತ್ತು. ಆ ಜಾಲಿಗಿಡದವರೆಗೆ ಹೋಗುತ್ತೇನೆ... ಅಲ್ಲಿಂದ ಹಳ್ಳದವರೆಗೆ... ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಸಾಗುತ್ತಿದ್ದಳು. ಮೋಟಾರ್ ಸೈಕಲ್ಲಿನ ಸದ್ದು ಹತ್ತಿರವಾದರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಅದು ದಾಟಿಹೋಗುವವರೆಗೂ ಅವಳು ಅತ್ತ ತಿರುಗುತ್ತಿರಲಿಲ್ಲ.

ಹನ್ನೆರಡನೆಯ ದಿನ ಹಳ್ಳದ ಹತ್ತಿರ ಕಾಲು ಸೋತವು. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಸೆರಗು ಬಾಯಿಗಿಟ್ಟು ಅತ್ತಳು.

"ಟೀಚರ್ರ..."

ಸುಂಕಪ್ಪ! ತನ್ನ ಹಳೆಯ ಸೈಕಲ್ ಹಿಡಿದು ನಿಂತಿದ್ದ.

"ಗಾಡಿ ಎಲ್ರೀ?"

"ನಿನ್ನಿ ಗಬ್ಬೂರಿಗೆ ಹೋಗಿ ಒಪ್ಪಿಸಿ ಬಂದೆ. ಬಾಯಿಗೆ ಬಂದಂಗ ಬೈದ್ರು... ಬೈಸಿಕೊಂಡೆ. ಆ ಹುಡುಗಿ ಮುಂದ ತಲಿ ಎತ್ತಾಕ ಆಗಲಿಲ್ಲ. ನಮ್ಮಪ್ಪ ಮನಿಗೆ ಬರಬ್ಯಾಡ ಅಂದಾನ."

"ಈಗ್ಯಾಕ ಬುದ್ಧಿ ಬಂತು?"

"ಅಪ್ಪ ಹಟ ಹಿಡಿದಾಗ ಸುಮ್ಮನಾದೆ. ಅದು ನನ್ನ ತಪ್ಪು. ನೀವು ದಿನಾ ನೆಟ್ಟಗ ಕುಂತು ಸೈಕಲ್ ಹೊಡಿಯೂದು ನೋಡಿ, ನಿಮಗೇನೂ ಅನಿಸಿಲ್ಲ ಅಂತ ತಿಳಕೊಂಡೆ... ಮೊನ್ನಿ ಸಂತ್ಯಾಗ ನಿಮ್ಮವ್ವ ಸಿಕ್ಕಿದ್ರು. ಮಗಳು ದಿನಾ ಗಾಲಿಗೆ ಗಾಳಿ ಹೊಡಿಯೂ ಮುಂದ ಅಳ್ತಾಳ ಅಂದ್ರು."

ಅಯ್ಯೋ ಅವ್ವಾ! ಗೋಪಮ್ಮನಿಗೆ ನಾಚಿಕೆ, ಸಿಟ್ಟು, ದುಃಖ ಒಟ್ಟಿಗೇ ಉಕ್ಕಿದವು.

"ನೀವಿಲ್ದ ನನಗ ಆಗೂದಿಲ್ರಿ, ಗೋಪಮ್ಮ."

ಅವನ ಬಾಯಲ್ಲಿ ಮೊದಲ ಸಲ ತನ್ನ ಹೆಸರು! ಆದರೂ ಅಷ್ಟು ದಿನದ ನೋವು ಒಂದು ಮಾತಿಗೆ ಕರಗುವಂಥದ್ದಾಗಿರಲಿಲ್ಲ.

"ಹನ್ನೊಂದು ದಿನ ನಾ ಒಬ್ಬಾಕಿನೇ ಹೋಗೀನಿ. ಇನ್ನ ಹನ್ನೊಂದು ದಿನ ನೀವು ನನ್ನ ಹಿಂದ ಬರ್ರಿ. ಜೋಡಿ ಬರಬ್ಯಾಡ್ರಿ!"

"ಆಮ್ಯಾಲ?"

"ಆಮ್ಯಾಲ... ನಮ್ಮವ್ವನ್ನ ಕೇಳಾಕ ಮನಿಗೆ ಬರ್ರಿ."

ಕಣ್ಣೊರೆಸಿಕೊಂಡು ಹೊರಟಳು. ತಿರುಗಿ ನೋಡಬಾರದು ಎಂದುಕೊಂಡಿದ್ದಳು. ಹತ್ತು ಮಾರು ಹೋಗುವಷ್ಟರಲ್ಲಿ ಜೀವ ತಡೆಯಲಿಲ್ಲ.

"ಬರಾಕತ್ತೀರಿಲ್ರಿ?"

"ಬರಾಕತ್ತೀನ್ರಿ... ನೀವು ನಡೀರಿ."